ಸಿನಿಮಾ ಹೆಂಗಿತ್ತೇ?

ಊರೆಲ್ಲ ಕೊಂಡಾಡಿದ ಸಿನಿಮಾ ತನಗೊಬ್ಬಳಿಗೇ ಹಿಡಿಸಲಿಲ್ಲವೆಂದರೆ ತನ್ನ ತಲೆಯಲ್ಲೇ ಏನೋ ಐಬಿರಬೇಕು ಎಂಬ ಅಳುಕು ಶಿಲ್ಪಾಳಿಗೆ. ಭಾನುವಾರದಿಂದ ಡೈರಿಯಲ್ಲಿ ಅದನ್ನೇ ತಿರುತಿರುಗಿ ಬರೆದಳು. ಬರೆದಷ್ಟೂ ಅಳುಕು ಬೆಳೆಯಿತು.

ಸಿನಿಮಾ ಕೆಟ್ಟದ್ದಲ್ಲ, ಅದೇ ಕಷ್ಟ. ಪ್ರಶಸ್ತಿಗಳು ಸುಮ್ಮನೆ ಬಂದಿರಲಿಲ್ಲ. ಕೊಲೆಗಾರನನ್ನು ಹುಡುಕುವ ಇನ್ಸ್‌ಪೆಕ್ಟರ್ ಕಣ್ಣಲ್ಲೇ ಮಾತಾಡುತ್ತಿದ್ದ. ಸಂಗೀತವಿಲ್ಲದ ದೃಶ್ಯಗಳಲ್ಲಿ ಅರಸೀಕೆರೆಯ ಟಾಕೀಸಿನ ಫ್ಯಾನುಗಳ ಕಿರುಗುಟ್ಟುವಿಕೆಯೂ ಕೇಳುವಷ್ಟು ಜನ ಉಸಿರು ಬಿಗಿಹಿಡಿದಿದ್ದರು. ಆದರೆ ಸುಳಿವು ಕೊಡದ ಹೆಂಗಸೊಬ್ಬಳ ಬೆರಳುಗಳನ್ನು ಇನ್ಸ್‌ಪೆಕ್ಟರ್ ಬಾಗಿಲ ಸಂದಿಗಿಟ್ಟು ಅದುಮಿದಾಗ, ಪಕ್ಕದಲ್ಲಿದ್ದ ಶರತ್ಚಂದ್ರ ಮೆಲ್ಲಗೆ, ಪಾಠ ಹೇಳುವ ಹಾಗೆ, "ಹೀಗೆ ಮಾಡಿದ್ರೇನೇ ಹೆಂಗಸರು ದಾರಿಗೆ ಬರೋದು" ಅಂದಿದ್ದ. ಶಿಳ್ಳೆ ಹೊಡೆದಿದ್ದರೆ ಹುಡುಗಾಟವೆಂದು ಬಿಡಬಹುದಿತ್ತು. ಅವನು ನಗಲೂ ಇಲ್ಲ.

ಶರತ್ಚಂದ್ರ ಬೇಲೂರಿನ ಕಾಲೇಜಿನಲ್ಲಿ ಉಪನ್ಯಾಸಕ, ಶಿಲ್ಪಾಳಿಗೆ ನೋಡಿದ ಗಂಡು. ಹೆಣ್ಣು ನೋಡುವ ಶಾಸ್ತ್ರ ಮುಗಿದ ಮೇಲೆ ಇಬ್ಬರನ್ನೂ ಸಿನಿಮಾಕ್ಕೆ ಕಳಿಸಿ, ಕಾವಲಿಗೆ ಸೋದರತ್ತೆ ಬಸಮ್ಮನನ್ನು ಜೊತೆಮಾಡಿದ್ದರು. ಕಾವಲುಗಾರ್ತಿ ಇಂಟರ್‌ವಲ್ಲಿಗೆ ಮುಂಚೆಯೇ ಗೊರಕೆ ಹೊಡೆದಿದ್ದಳು.

ಶಿಲ್ಪಾಳ ಮನೆಯಲ್ಲಿ ಹೆಣ್ಣುಮಕ್ಕಳನ್ನು ಗಂಡು ಒಪ್ಪಿಗೆಯೇ ಎಂದು ನೇರವಾಗಿ ಕೇಳುವ ರೂಢಿಯಿಲ್ಲ. ಅವರ ಮನೆ ಕಾಫಿ ಹೆಂಗಿತ್ತು, ಬಸ್ಸಲ್ಲಿ ಸೀಟು ಸಿಕ್ತಾ ಎಂದು ಸುತ್ತಿ ಬಳಸಿ ಕೇಳುವುದು, ಮುಖ ನೋಡಿ ತೀರ್ಮಾನ ಮಾಡುವುದು. ಅಂದು ಸಂಜೆ ಬಸಮ್ಮ ಕೇಳಿದ್ದು ಇಷ್ಟೇ: "ಸಿನಿಮಾ ಹೆಂಗಿತ್ತೇ?" ಏನು ಕೇಳುತ್ತಿದ್ದಾರೆಂದು ಶಿಲ್ಪಾಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, ಅಷ್ಟು ಮುಖಗಳ ಮುಂದೆ "ಚೆನ್ನಾಗಿತ್ತು" ಅಂದುಬಿಟ್ಟಳು.

ಇವತ್ತು ವೀಳ್ಯದ ಶಾಸ್ತ್ರ. ಗಂಡಿನವರ ತಟ್ಟೆಯನ್ನು ಅಪ್ಪ ಕೈಗೆ ತಗೊಂಡರೆ ಮಾತು ಕೊಟ್ಟ ಹಾಗೆ. ಹಿತ್ತಲ ಬಾಗಿಲಿಂದ ಹೋಗಿ ಹಾರನಹಳ್ಳಿ ಬಸ್ಸು ಹತ್ತಿಬಿಡಲೇ ಅನಿಸಿತು. ಅಲ್ಲಿ ಗೆಳತಿಯೊಬ್ಬಳಿದ್ದಾಳೆ. ಹೋಗಿ ಏನೆಂದು ಹೇಳುವುದು? ಹೊಡೆದನೇ? ಇಲ್ಲ. ಬೈದನೇ? ಇಲ್ಲ. ಐಸ್‌ಕ್ರೀಂ ಕೊಡಿಸಿದ.

"ಅಮ್ಮಾ, ನಂಗೆ ಆ ಸಿನಿಮಾ ಹಿಡಿಸಲಿಲ್ಲ."

ಕೊಬ್ಬರಿ ಬಟ್ಟಲಿಗೆ ಸಕ್ಕರೆ ತುಂಬುತ್ತಿದ್ದ ಸುವರ್ಣಮ್ಮನ ಕೈ ನಿಂತಿತು. "ಈಗ ಹೇಳ್ತೀಯೇನೇ? ಮಠದ ಅಯ್ನೋರು ಬಂದು ಕೂತವ್ರೆ."

"ಅವರು ಅಲ್ಲಿ ಒಂದು ಮಾತು ಅಂದ್ರು..."

"ಸಿನಿಮಾದಲ್ಲಿ ಆಡಿದ ಮಾತಿಗೆಲ್ಲ ಸಂಬಂಧ ಬಿಡ್ತಾರಾ? ನಿಮ್ಮಪ್ಪನೂ ಫೈಟಿಂಗ್ ನೋಡ್ಕೊಂಡು ಬಂದು ವಾರವೆಲ್ಲ ಮೀಸೆ ತಿರುವೋರು. ಇಲಿ ಕಂಡ್ರೆ ಮಂಚ ಹತ್ತೋರು!"

ಬಸಮ್ಮ ಒಳಗಿಣುಕಿದಳು. "ನಮ್ಮಣ್ಣನ ಮಾನ ಕಳೀಬೇಡ ಕಣೇ, ಬೀಗರು ಕೂತವ್ರೆ."

ಇಬ್ಬರೂ ನಕ್ಕರು. ಅತ್ತೆ ಶಿಲ್ಪಾಳ ರಟ್ಟೆ ಹಿಡಿದು ನಡುಮನೆಗೆ ಕರೆತಂದಳು.

ಅಪ್ಪ ಕರಿಬಸವಯ್ಯ ಬೀಗರ ಮುಂದೆ ಹಿಗ್ಗಿ ಹೀರೇಕಾಯಿಯಾಗಿದ್ದ. "ನಮ್ಮ ಹುಡುಗಿಗೂ ಸಿನಿಮಾ ಭಾಳ ಹಿಡಿಸ್ತಂತೆ."

"ಹಿಡಿಸ್ದೆ ಇರುತ್ತಾ ಮಾವ?" ಅಂದ ಶರತ್ಚಂದ್ರ. "ನಮ್ಮೋರು ಇಂಥಾದ್ದು ಇನ್ನೊಂದು ತೆಗೆದಿಲ್ಲ. ಎಲ್ಲಾ ಇದ್ದ ಹಾಗೇ ತೋರ್ಸಿದಾರೆ."

"ಆ ಹೆಂಗಸಿಗೆ ಹೆಸರೇ ಇರಲಿಲ್ಲ."

ತನ್ನ ದನಿಯೆಂದು ಶಿಲ್ಪಾಳಿಗೇ ತಡವಾಗಿ ತಿಳಿಯಿತು.

"ಏನಮ್ಮಾ?" ಅಂದರು ಅಯ್ನೋರು.

"ಸಿನಿಮಾದಲ್ಲಿ... ಇನ್ಸ್‌ಪೆಕ್ಟರ್ ನಾಯಿಗೂ ಹೆಸರಿತ್ತು. ಅವಳಿಗಿರಲಿಲ್ಲ."

ಶರತ್ಚಂದ್ರ ದಡ್ಡ ವಿದ್ಯಾರ್ಥಿಗೆ ತಿದ್ದಿಹೇಳುವ ಹಾಗೆ ಮುಗುಳ್ನಕ್ಕ. "ಕಥೆಗೆ ಬೇಕಿರ್ಲಿಲ್ಲ, ಇಟ್ಟಿಲ್ಲ. ಅವಳು ಕೇಳಿದ್ದಕ್ಕೆ ತಕ್ಷಣ ಉತ್ತರ ಕೊಟ್ಟಿದ್ರೆ ಅಷ್ಟೆಲ್ಲ ಆಗ್ತಾನೇ ಇರ್ಲಿಲ್ಲ."

ಅವನ ತಾಯಿ ಹೌದೆಂದು ತಲೆದೂಗಿದರು. ತಲೆದೂಗುವಾಗ ಆಕೆ ಏನನ್ನೋ ಮುಚ್ಚುವ ಹಾಗೆ ಸೆರಗನ್ನು ಮೊಣಕೈವರೆಗೆ ಎಳೆದುಕೊಂಡದ್ದು ಯಾಕೋ ಶಿಲ್ಪಾಳ ಕಣ್ಣಿಗೆ ಬಿತ್ತು.

"ತಗೊಳ್ಳಿ ಯಜಮಾನ್ರೇ, ಹೊತ್ತು ಮೀರ್ತದೆ," ಎಂದು ಅಯ್ನೋರು ತಟ್ಟೆಯನ್ನು ಮುಂದೆ ಚಾಚಿದರು. ಕರಿಬಸವಯ್ಯ ಶಲ್ಯ ಸರಿಮಾಡಿಕೊಂಡು ಎರಡೂ ಕೈ ನೀಡಿದ. ಕೊಬ್ಬರಿ ಮಂಡಿಯಲ್ಲಿ ಒಮ್ಮೆ ಆಡಿದ ಮಾತನ್ನು ಹಿಂತೆಗೆದವನಲ್ಲ ಆತ. ಊರಿಗೆ ಊರೇ ಬಲ್ಲದು. ಬೆರಳುಗಳು ತಟ್ಟೆಯ ಅಂಚಿಗೆ ತಾಗುವುದರಲ್ಲಿದ್ದವು.

"ಅಪ್ಪ, ತಗೋಬೇಡಿ," ಅಂದಳು ಶಿಲ್ಪಾ. "ನಂಗೆ ಇವರನ್ನ ಕಂಡ್ರೆ ಭಯ."