ಚಪ್ಪಲಿ ಮೆಟ್ಟಿದ ಸಂತ

ಕಾದಂಬರಿಯಲ್ಲಿ ಬರುವ ಸಂತರೆಲ್ಲ ಬರಿಗಾಲಲ್ಲೇ ನಡೆಯುತ್ತಾರಂತೆ. ನಾನು ಚಪ್ಪಲಿ ಹೊಲಿಯುವವನು, ಕಲ್ಲುಮುಳ್ಳಿನ ದಾರಿಯಲ್ಲಿ ಒಬ್ಬ ಮುದುಕನನ್ನು ಹಾಗೆ ಬಿಡಲು ಮನಸ್ಸು ಬರಲಿಲ್ಲ. ನನ್ನ ಕಾದಂಬರಿಯ ಸಂತ ಮೊದಲ ಅಧ್ಯಾಯದಲ್ಲೇ ಮೂರು ಪದರದ ಅಟ್ಟೆಯ ಚಪ್ಪಲಿ ಮೆಟ್ಟಿದ. ಎರಡನೆಯದರಲ್ಲಿ ಬಾರು ಕಿತ್ತುಹೋಯಿತು. ಮೂರನೆಯದರಲ್ಲಿ ಅದನ್ನು ಹೊಲಿಯುತ್ತ ಕೂತಾಗ ಅವನಿಗೆ ಜ್ಞಾನೋದಯವಾಯಿತು.

ನಾನು ಶಾಲೆಗೆ ಹೋದದ್ದು ಎರಡು ವರ್ಷ, ಎರಡೂ ಒಂದನೇ ಕ್ಲಾಸಿನಲ್ಲೇ. ಹಾಗಾಗಿ ನಾನು ಹೇಳುವುದು, ಹೆಂಡತಿ ಬರೆಯುವುದು. ಕಥೆಗೆ ನನ್ನಲ್ಲಿ ಬರವಿಲ್ಲ. ನಾನು ಹೊಲಿದ ಚಪ್ಪಲಿ ಹಾಕಿಕೊಂಡ ಗಿರಾಕಿಯೊಬ್ಬ ತಪ್ಪಿಹೋದ ರೈಲನ್ನು ಓಡಿ ಹಿಂದೆ ಹಾಕಿ, ಮುಂದಿನ ನಿಲ್ದಾಣದಲ್ಲಿ ಅದಕ್ಕಾಗಿ ಕಾದು ನಿಂತಿದ್ದನೆಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದವನು ನಾನು.

ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಕಥೆಯ ಗಾಡಿ ನಿಂತಿತು. ಸಂತನ ಶಿಷ್ಯ ಗುರುವಿನ ದಬ್ಬಳ ಕದ್ದು ಓಡಿಹೋಗುತ್ತಾನೆ ಎಂದೆ. ಹೆಂಡತಿ ಪೆನ್ನು ಕೆಳಗಿಟ್ಟಳು.

"ಇದನ್ನ ನಾನು ಬರೆಯಲ್ಲ."

"ಯಾಕೆ, ಕೈ ನೋವಾ?"

"ಕೈ ಚೆನ್ನಾಗೇ ಇದೆ, ಮಾತು ಚೆನ್ನಾಗಿಲ್ಲ. ನನ್ನ ಮೈದುನ ಬರಿಗೈಲಿ ಹೋಗಿದ್ದನ್ನ ನಾನೇ ನೋಡಿದೀನಿ."

"ನಿನ್ನ ಮೈದುನನ ಸುದ್ದಿ ಯಾರೇ ಎತ್ತಿದ್ದು? ಇದು ಶಿಷ್ಯನ ಕಥೆ."

"ಶಿಷ್ಯ ಎಡಗೈಲಿ ಹೊಲೀತಾನೆ. ಚಹಾ ಪೂರ್ತಿ ಆರಿದ ಮೇಲೇ ಕುಡೀತಾನೆ. ಕಿವಿ ಮೊರದಗಲ. ಇನ್ನೇನು ಬಾಕಿ ಇದೆ, ಮನೆ ವಿಳಾಸಾನಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ.

ನಡೆದದ್ದು ಇಷ್ಟು. ದಾರ ಮೇಲೆ ಕಾಣದ ಹಾಗೆ ಅಟ್ಟೆ ಹೊಲಿಯುವ ಉಪಾಯವನ್ನು ನನ್ನ ತಮ್ಮ ಕಂಡುಹಿಡಿದ. ಗಿರಾಕಿಗಳು ಮೂಗಿನ ಮೇಲೆ ಬೆರಳಿಟ್ಟು "ಇದು ಯಾರ ಕೈಕೆಲಸ?" ಎಂದರು. "ನಂದೇ" ಎಂದೆ. ತಮ್ಮ ಪಕ್ಕದಲ್ಲೇ ಕೂತಿದ್ದ. ದಬ್ಬಳವನ್ನು ಕಲ್ಲಿನ ಮೇಲಿಟ್ಟು ಎದ್ದು ಹೋದ. ಎರಡು ಬೀದಿ ಆಚೆ ಚೀಲ ರಿಪೇರಿ ಅಂಗಡಿ ಸೇರಿಕೊಂಡ. ಹನ್ನೊಂದು ವರ್ಷವಾಯಿತು, ಎದುರು ಸಿಕ್ಕರೆ ಆಕಾಶ ನೋಡುತ್ತಾನೆ.

"ಲೇ, ಸಂತ ಎಲ್ಲಾದ್ರೂ ತಪ್ಪು ಮಾಡ್ತಾನಾ?" ಎಂದೆ.

"ಚಪ್ಪಲಿ ಮೆಟ್ಟೋ ಸಂತ ತಪ್ಪೂ ಮಾಡ್ತಾನೆ. ಹೇಳ್ರೀ."

ಹೇಳಿದೆ. ಶಿಷ್ಯನ ಹೊಲಿಗೆಯನ್ನು ಸಂತ ತನ್ನದೆಂದ. ಶಿಷ್ಯ ಹೋದ. ಸಂತ ಅವನ ಬಾಗಿಲಿಗೆ ಹೋಗಿ, ತಪ್ಪಾಯಿತು ಎಂದ. ಅವಳು ಬರೆದು ಮುಗಿಸಿ, ಹಾಳೆ ಮಡಚಿ, "ಮೈದುನನಿಗೆ ಕೊಟ್ಟು ಬರ್ತೀನಿ" ಎಂದು ಹೊರಟೇಬಿಟ್ಟಳು. ನಾನು ತಡೆಯಲಿಲ್ಲ. ಪುಸ್ತಕ ಅಚ್ಚಾಗದಿದ್ದರೂ ಸರಿ, ಅವನೊಬ್ಬ ಬಂದರೆ ಸಾಕಿತ್ತು.

ನಾಲ್ಕನೆಯ ದಿನ ಅಂಗಡಿಯ ತುಂಬ ಗಿರಾಕಿಗಳಿದ್ದಾಗ ಬಂದ. ಕೂದಲು ನೆರೆತಿತ್ತು, ಕಿವಿ ಹಾಗೇ ಇದ್ದವು. ಹಾಳೆಯನ್ನು ನನ್ನ ಮುಂದೆ ಹಿಡಿದ.

"ತಪ್ಪಾಯ್ತು ಅಂದಿದ್ದು ನಿನ್ನ ಸಂತ. ನೀನೇನಂತೀಯಣ್ಣ?"

ಮಾತಿನಲ್ಲಿ ರೈಲನ್ನೇ ಸೋಲಿಸಿದವನು ನಾನು, ಕೈಯಲ್ಲಿದ್ದ ಚಪ್ಪಲಿ ಕೆಳಗಿಟ್ಟೆ. ಎದ್ದು ನಿಂತೆ. "ಎಲ್ರೂ ಕೇಳಿ. ದಾರ ಕಾಣದ ಹೊಲಿಗೆ ಇದೆಯಲ್ಲ, ಅದು ಇವನದು. ನಂದು ಅಂತ ಸುಳ್ಳು ಹೇಳಿದ್ದೆ."

ಮೂಲೆಯಲ್ಲಿ ಕೂತಿದ್ದ ಅಂಚೆಯವನು ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು.

"ಶುರುವಾಯ್ತಪ್ಪ ಇನ್ನೊಂದು ಬುರುಡೆ! ಚೀಲದ ಜಿಪ್ ಹಾಕೋನು ಅಟ್ಟೆ ಹೊಲೀತಾನಂತೆ!" ಎಂದ ಅಂಚೆಯವನು.

"ದೇವರಾಣೆ ನಿಜ ಕಣಯ್ಯಾ!"

"ರೈಲಿನ ಕಥೆಗೂ ಹಿಂಗೇ ಆಣೆ ಇಟ್ಟಿದ್ದಿರಿ."

ಜನ್ಮದಲ್ಲಿ ಒಮ್ಮೆ ನಿಜ ಹೇಳಿದ್ದೆ, ಒಬ್ಬನೂ ನಂಬಲಿಲ್ಲ. ಕಣ್ಣಲ್ಲಿ ನೀರು ಬಂತು. ತಮ್ಮ ನನ್ನ ಮುಖವನ್ನೇ ನೋಡಿದ. ಆಮೇಲೆ ಅಂಚೆಯವನ ಕಡೆ ತಿರುಗಿ ಗದರಿದ.

"ಯಾರಯ್ಯ ಜಿಪ್ ಹಾಕೋನು? ಕಾಲಲ್ಲಿರೋದು ಬಿಚ್ಚು."

ಅಂಚೆಯವನು ಚಪ್ಪಲಿ ಬಿಚ್ಚಿದ. ತಮ್ಮ ನನ್ನ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಎಡಗೈ ಚಾಚಿದ.

"ಬಾಯಿ ಬಿಟ್ಕೊಂಡು ಏನು ನೋಡ್ತೀಯ? ದಾರಕ್ಕೆ ಮೇಣ ಹಚ್ಚಿ ಕೊಡು."

ಹಚ್ಚಿ ಕೊಟ್ಟೆ. ಗಿರಾಕಿಗಳು ಒಬ್ಬೊಬ್ಬರಾಗಿ ಹತ್ತಿರ ಬಂದು, ಕಾಣದ ದಾರ ಹುಡುಕುತ್ತ ಬಗ್ಗಿ ನಿಂತರು.