ಒಮ್ಮೆ ನೋಡಿದರೆ ಸಾಕು

ಕೆಂಪು ರೇಷ್ಮೆಯ ಎಳೆಯೊಂದು ಬೆರಳಿಗೆ ಅಂಟಿಕೊಂಡಿದೆ, ಕೂದಲಿಗಿಂತ ತೆಳ್ಳಗೆ, ಬಿಡಿಸಲು ಹೋದರೆ ಇನ್ನೊಂದು ಬೆರಳಿಗೆ ಹತ್ತುತ್ತದೆ, ಇರಲಿ ಬಿಡು, ಆಮೇಲೆ ಹೇಗೂ ಬೇಕು, ಕಣ್ಣಿನ ಬಿಳಿಯಲ್ಲಿ ಹರಿಯುವ ನರವೆಂದರೆ ಇದೇ, ಕುಂಚದಲ್ಲಿ ಗೀಚಿದರೆ ಗೀಚಿದ ಹಾಗೆಯೇ ಕಾಣುತ್ತದೆ, ರೇಷ್ಮೆಯನ್ನು ಎಳೆ ಎಳೆಯಾಗಿ ಬಿಡಿಸಿ ಮಲಗಿಸಿದರೆ ಮಾತ್ರ ಒಳಗೆ ರಕ್ತ ಓಡಿದಂತೆ — ಈ ಊರಿನಲ್ಲಿ ಇದು ಗೊತ್ತಿರುವುದು ಇಬ್ಬರಿಗೆ, ಒಬ್ಬಳು ನಾನು, ಇನ್ನೊಬ್ಬರ ಮಾತು ಈಗ ಬೇಡ, ಈಗ ಕೆಲಸ. ಒಂಬತ್ತೂವರೆ ಆಯಿತು. ಹನ್ನೆರಡಕ್ಕೆ ಈ ಕೃತಕ ಕಣ್ಣು ಬಿಸಿನೀರಿನ ಪಾತ್ರೆಗೆ ಇಳಿಯಬೇಕು, ಮೇಲಿನ ಗಾಜಿನಂಥ ಪದರ ಗಟ್ಟಿಯಾಗಲು ನಾಲ್ಕು ಗಂಟೆ, ಉಜ್ಜಿ ಹೊಳಪು ಕೊಡಲು ಒಂದು, ಐದಕ್ಕೆ ರೈಲ್ವೆ ಟಿಕೆಟ್ ಕೌಂಟರಿನ ಹುಡುಗಿ ಬರುತ್ತಾಳೆ, ಬಲಗಡೆಯ ಖಾಲಿ ಗೂಡಿಗೆ ಕೂರಿಸಿಕೊಂಡು ಹೋಗುತ್ತಾಳೆ, ನಾಳೆ ಬೆಳಿಗ್ಗೆ ಆರಕ್ಕೆ, ಕಣ್ಣು ಹೋಗಿ ಎಂಟು ತಿಂಗಳ ನಂತರ, ಅವಳ ಮೊದಲ ಡ್ಯೂಟಿ. ಕಪ್ಪು ಕನ್ನಡಕ ಹಾಕ್ಕೊಂಡ್ರೆ ಜನ ಕೈ ಹಿಡಿದು ರಸ್ತೆ ದಾಟಿಸೋಕೆ ಬರ್ತಾರೆ ಮೇಡಂ, ಬೇಡ ಅಂದ್ರೂ ಬಿಡಲ್ಲ, ನಂಗೆ ದಾಟೋದೇ ಇರಲ್ಲ, ದಾಟಿಸಿಕೊಂಡು ಮತ್ತೆ ವಾಪಸ್ ಬರ್ತೀನಿ — ಹೇಳಿ ನಕ್ಕಿದ್ದಳು, ನಗು ಮುಗಿಯುವ ಮೊದಲೇ ಮುಖ ಆ ಕಡೆ ತಿರುಗಿಸಿದ್ದಳು. ನಾಳೆಯಿಂದ ಅವಳನ್ನು ಯಾರೂ ದಾಟಿಸುವುದಿಲ್ಲ, ನಾನಿದ್ದೇನೆ. ನನ್ನ ಕಸುಬೇ ಜನರ ಕಣ್ಣಿಗೆ ಮಣ್ಣೆರಚುವುದು, ಇಪ್ಪತ್ತೆರಡು ವರ್ಷದಿಂದ ಎರಚಿಕೊಂಡು ಬಂದಿದ್ದೇನೆ, ಹೇಳಿದ ಹೊತ್ತಿಗೆ ಒಂದು ನಿಮಿಷ ತಡವಾಗಿಲ್ಲ, ಸೇತುವೆ ಕಟ್ಟಿದವನು ಸೇತುವೆ ತೋರಿಸಿ ಮೀಸೆ ತಿರುವಬಹುದು, ನನ್ನದು ಕಂಡರೆ ಸೋತೆ, ಕಾಣದಿದ್ದರೆ ಗೆದ್ದೆ, ಒಮ್ಮೊಮ್ಮೆ ಬಸ್ಸಿನ ಎದುರು ಸೀಟಿನಲ್ಲಿ ನಾನು ಮಾಡಿದ ಕಣ್ಣೇ ಕೂತಿರುತ್ತದೆ, ಪಕ್ಕದವರು ಅದನ್ನು ನೋಡಿಕೊಂಡೇ ಹರಟುತ್ತಿರುತ್ತಾರೆ, ನಾನು ಏನೂ ಅರಿಯದವಳ ಹಾಗೆ ಕಿಟಕಿಯ ಕಡೆ ತಿರುಗುತ್ತೇನೆ, ಹೊಟ್ಟೆಗೆ ಹಾಲು ಹೊಯ್ದಂತಾಗುತ್ತದೆ. ಅಮ್ಮ ನನ್ನನ್ನು ಜಂಬದ ಕೋಳಿ ಎನ್ನುತ್ತಿದ್ದಳು. ಹೌದು, ಇದ್ದೇನೆ, ಏನೀಗ.

ಫೋನು ಬೀರುವಿನೊಳಗೆ, ಬೀರುವಿಗೆ ಬೀಗ, ಬೀಗದ ಕೈ ಚೀಲದ ತಳದಲ್ಲಿ, ಕೆಳಗಿನ ಚಪ್ಪಲಿ ಅಂಗಡಿಯ ರೇಡಿಯೋ ಕೇಳದ ಹಾಗೆ ಕಿಟಕಿಯ ಗಾಜು ಎಳೆದಾಗಿದೆ, ಬಾಗಿಲ ಮೇಲೆ ಕೆಲಸ ನಡೆಯುತ್ತಿದೆ ಎಂಬ ರಟ್ಟು, ಮೇಜಿನ ಮೇಲೆ ಮಗಳು ತಂದುಕೊಟ್ಟ ಟೈಮರು ಟಿಕ್ ಟಿಕ್ ಎನ್ನುತ್ತಿದೆ, ಅಮ್ಮಾ ಇಪ್ಪತ್ತೈದು ನಿಮಿಷ ಒಂದೇ ಕೆಲಸ, ಆಮೇಲೆ ಐದು ನಿಮಿಷ ರೆಸ್ಟು, ಗಮನ ಕೆಡಿಸೋದನ್ನೆಲ್ಲ ಮೊದ್ಲು ರೂಮಿಂದ ಹೊರಗೆ ಹಾಕು, ಆಮೇಲೆ ನೋಡು ನಿನ್ ಸ್ಪೀಡು. ಹೊರಗೆ ಹಾಕಿದೆನಲ್ಲ, ಒಳಗೆ ಉಳಿದವಳು ನಾನೊಬ್ಬಳೇ, ನನ್ನನ್ನು ಎಲ್ಲಿಗೆ ಹಾಕಲಿ. ಬಿಳಿ ಚಿಪ್ಪು ಹೋದ ವಾರವೇ ಸಿದ್ಧ, ಅವಳ ಗೂಡಿಗೆ ಅಳತೆ ನೋಡಿಯೂ ಆಗಿದೆ, ಈಗ ಉಳಿದದ್ದು ಈ ಪುಟ್ಟ ಬಿಲ್ಲೆ, ಅಂಗಿಯ ಗುಂಡಿಯಷ್ಟು — ಥೂ, ಮತ್ತೆ ಅದೇ ಮಾತು — ಅವರೆ ಕಾಳು, ಕಡಲೆ ಕಾಳು, ಯಾವುದಾದರೂ ಕಾಳಿನಷ್ಟು ಎನ್ನು, ಈ ಬಿಲ್ಲೆಯ ಮೇಲೆ ಕಣ್ಣಿನ ಕಂದು ವೃತ್ತ ಬರೆಯಬೇಕು, ಒಂದು ಪದರ, ಒಣಗಲಿ, ಅದರ ಮೇಲೆ ಇನ್ನೊಂದು, ಹೀಗೆ ಹತ್ತು ಹನ್ನೆರಡು. ಮೊದಲ ಪದರ ಗಾಢ, ಸುಟ್ಟ ಕಾಫಿ ಬೀಜದ ಬಣ್ಣ, ಅವಳದು ಅದೇ ಬಣ್ಣ, ನೆನಪಿದೆ, ನನಗೆ ಒಮ್ಮೆ ನೋಡಿದರೆ ಸಾಕು. ಈ ಕಸುಬಿನವರೆಲ್ಲ ಗಿರಾಕಿಯನ್ನು ಎದುರಿಗೆ ಕೂರಿಸಿಕೊಂಡು, ಉಳಿದ ಕಣ್ಣನ್ನು ನೋಡುತ್ತ ನೋಡುತ್ತ ಬರೆಯುತ್ತಾರೆ, ನಕಲು ಹೊಡೆಯುವ ಹುಡುಗರ ಹಾಗೆ, ನಾನು ಹಾಗಲ್ಲ, ಅರ್ಧ ಗಂಟೆ ನೋಡಿ ಕಳಿಸಿಬಿಡುತ್ತೇನೆ, ಆಮೇಲೆ ಬರೆಯುವುದು ಇಲ್ಲಿಂದ, ಹಣೆಯ ಹಿಂದಿನಿಂದ, ಹನ್ನೊಂದು ವರ್ಷದಿಂದ ಹೀಗೇ, ಅವರ ಪದ್ಧತಿ ಬಿಟ್ಟು ಬಂದ ದಿನದಿಂದ. ಅವರು ಎಂದರೆ ಮೇಷ್ಟ್ರು, ನನಗೆ ಈ ಕಸುಬು ಕಲಿಸಿದವರು. ಹೇಳಬಾರದು ಅಂದುಕೊಂಡೇ ಹೇಳಿಬಿಟ್ಟೆ.

ನಿನ್ನೆ ಸಂಜೆ ಮೇಷ್ಟ್ರ ಹೆಂಡತಿಯ ಫೋನು, ನಾನು ಅಕ್ಕ ಎನ್ನುತ್ತಿದ್ದವರು, ಹನ್ನೊಂದು ವರ್ಷದ ನಂತರವೂ ಅದೇ ತಗ್ಗಿದ ದನಿ, ಹೇಗಿದ್ದೀಯಮ್ಮಾ, ಮಗಳು ಎಷ್ಟು ದೊಡ್ಡೋಳಾದ್ಲು, ಆಮೇಲೆ, ಕಣ್ಣಲ್ಲಿ ಪ್ರೆಶರ್ ಜಾಸ್ತಿ ಆಗಿ ಇವರ ಎಡಗಣ್ಣು ತೆಗೆದ್ರಮ್ಮಾ, ಎರಡು ತಿಂಗಳಾಯ್ತು, ಬೇರೆ ಕಡೆ ಮಾಡ್ಸೋಣ ಅಂದ್ರೆ ಕೇಳ್ತಿಲ್ಲ, ಮಾಡ್ಸಿದ್ರೆ ಅವಳ ಕೈಯಲ್ಲೇ, ಇಲ್ದಿದ್ರೆ ಬೇಡ, ಹಿಂಗೇ ಇರ್ತೀನಿ ಅಂತ ಹಟ. ಅರ್ಧ ಊರಿಗೆ ಕಣ್ಣು ಕೊಟ್ಟ ಮನುಷ್ಯ. ನಾನೇನೆಂದೆ, ನೋಡ್ತೀನಿ ಅಕ್ಕ, ಸ್ವಲ್ಪ ಕೆಲಸ ಜಾಸ್ತಿ ಇದೆ ಎಂದೆ, ದನಿಯಲ್ಲಿ ಒಂದು ತೂಕ ಇತ್ತು, ಇರಬೇಕಾದ್ದೇ, ಫೋನಿಟ್ಟು ಕನ್ನಡಿಯ ಮುಂದೆ ಹಾದುಹೋಗುವಾಗ ನೋಡಿದರೆ ನಗುತ್ತಿದ್ದೆ, ಕಣ್ಣು ಹೋದವರ ಸುದ್ದಿ ಕೇಳಿ ನಗುತ್ತಿದ್ದೆನಲ್ಲ, ನಾಚಿಕೆಯಾಯಿತು, ಆದರೆ ನಗು ನಿಲ್ಲಲಿಲ್ಲ, ಎರಡೂ ಒಟ್ಟಿಗೆ ಇದ್ದವು. ಅವತ್ತು, ಹನ್ನೊಂದು ವರ್ಷದ ಹಿಂದೆ, ಅವರ ಕೋಣೆ, ನಿವೃತ್ತ ಪೋಸ್ಟ್‌ಮ್ಯಾನ್ ಎದುರಿಗೆ ಕೂತಿದ್ದಾನೆ, ಅವನಿಗೆಂದು ನಾನು ಮಾಡಿದ ಕಣ್ಣನ್ನು ಮೇಷ್ಟ್ರು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು, ಇದು ಕಣ್ಣಲ್ಲಮ್ಮ, ಅಂಗಿ ಗುಂಡಿ, ನಿನ್ ಕೈ ಇಲ್ಲಿದೆ, ಬುದ್ಧಿ ಬೀದಿ ಸುತ್ತೋಕೆ ಹೋಗಿದೆ. ಪೋಸ್ಟ್‌ಮ್ಯಾನ್ ನಕ್ಕುಬಿಟ್ಟ, ಅವನ ತಪ್ಪಲ್ಲ, ನಗುವ ಮಾತೇ ಅದು. ನಾನು ಕುಂಚ ತೊಳೆದು, ಒರೆಸಿ, ಡಬ್ಬಿಗೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊರಟೆ, ಹೊರಟವಳು ಹೊರಟೆ. ಮಗಳಿಗೆ ಆ ದಿನ ಜ್ವರ, ನೂರಮೂರು, ಪಕ್ಕದ ಮನೆಯಲ್ಲಿ ಮಲಗಿಸಿ ಬಂದಿದ್ದೆ, ಬುದ್ಧಿ ಬೀದಿ ಸುತ್ತುತ್ತಿರಲಿಲ್ಲ, ಮಂಚದ ಪಕ್ಕ ಕೂತಿತ್ತು, ಇದನ್ನು ಅವರಿಗೆ ಹೇಳಬಹುದಿತ್ತು, ಹೇಳಲಿಲ್ಲ, ನಾನು ಯಾಕೆ ಹೇಳಲಿ, ಅವರು ಕೇಳಬೇಕಿತ್ತು. ಟೈಮರು ಕಿರುಚಿತು. ಒಂದು ಸುತ್ತು ಮುಗಿಯಿತು, ಬಿಲ್ಲೆಯ ಮೇಲೆ ಎರಡೇ ಪದರ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು, ನನ್ನೊಳಗೇ ಎರಡೂ ಇವೆ, ಸರಿ, ಮೂರನೇ ಪದರ, ನಾಲ್ಕು, ಒಣಗಿಸುವ ದೀಪದ ಕೆಳಗೆ ಹಿಡಿ, ಐದು, ವೃತ್ತದ ನಡುವಿನಿಂದ ಅಂಚಿಗೆ ಸಣ್ಣ ಸಣ್ಣ ಗೆರೆ, ಕುಂಚದಲ್ಲಿ ಮೂರೇ ಕೂದಲು, ಉಸಿರು ಹಿಡಿದು ಒಂದು ಗೆರೆ, ಬಿಟ್ಟು ಇನ್ನೊಂದು, ನೋಡು ಹೇಗೆ ಸರಾಗವಾಗಿ ಬರುತ್ತಿದೆ, ಕೈ ಎಂದರೆ ಇದು, ತಲೆ ಎಲ್ಲಿದ್ದರೇನು ಕೈ ತನ್ನ ದಾರಿ ತಾನು ಬಲ್ಲದು. ಬರಲಿ ಮೇಷ್ಟ್ರು, ಈ ಮೆಟ್ಟಿಲು ಹತ್ತಿ ಬರಲಿ, ಇಪ್ಪತ್ತಮೂರು ಮೆಟ್ಟಿಲು, ಕಡಿದಾಗಿವೆ, ಅಕ್ಕನ ತೋಳು ಹಿಡಿದು ಬರಲಿ, ಆ ಕುರ್ಚಿಯಲ್ಲಿ ಕೂರಲಿ, ನಾನು ತಲೆಯೆತ್ತದೆ, ಒಂದು ನಿಮಿಷ ಇರಿ ಅನ್ನುತ್ತೇನೆ, ಕೆಲಸದಲ್ಲಿದ್ದೇನೆ ಅನ್ನುತ್ತೇನೆ, ಆಮೇಲೆ ನಿಧಾನವಾಗಿ, ಏನಾಗ್ಬೇಕಿತ್ತು ಮೇಷ್ಟ್ರೇ, ನಮ್ಮಲ್ಲಿ ಬರೀ ಗುಂಡಿ ಸಿಗೋದು. ಆಹಾ. ಅಷ್ಟೇ ಸಾಕು, ಅದಕ್ಕಿಂತ ಒಂದಕ್ಷರ ಹೆಚ್ಚು ಬೇಡ. ಇಲ್ಲ, ಇದು ತೀರಾ ಮೊನಚು, ಕಣ್ಣು ಹೋದ ಮನುಷ್ಯ, ಬೇರೆ ಹೇಳೋಣ, ಯಾವ ಅಂಗಿಗೆ ಬೇಕು ಮೇಷ್ಟ್ರೇ — ಇದು ಇನ್ನೂ ಮೊನಚಾಯಿತು. ಏನೂ ಹೇಳದೆ ಕಣ್ಣು ಮಾಡಿ ಕೈಗಿಟ್ಟರೆ, ಅವರು ಬೆಳಕಿಗೆ ಹಿಡಿದು ನೋಡುತ್ತಾರಲ್ಲ, ಆಗ ಅವರ ಮುಖ ನೋಡಬೇಕು, ಆ ಮುಖ, ಬೈಯುವಾಗ ನಾನು ಅವರ ಬಾಯಿ ನೋಡುತ್ತಿರಲಿಲ್ಲ, ನೋಡಿದರೆ ಅಳು ಬರುತ್ತಿತ್ತು, ಕಣ್ಣನ್ನೇ ನೋಡುತ್ತಿದ್ದೆ, ಬಣ್ಣಗಳನ್ನು ಮನಸ್ಸಿನಲ್ಲೇ ಬೆರೆಸಿಕೊಳ್ಳುತ್ತಿದ್ದೆ, ಬಿಳಿ, ಸ್ವಲ್ಪ ಕಪ್ಪು, ನೀಲಿ ಇದ್ದೂ ಇಲ್ಲದಷ್ಟು, ಕುಂಚ ಒದ್ದೆಯಾಗಿದೆ, ತಟ್ಟೆಯ ಅಂಚಿಗೆ ಒರೆಸು, ಇನ್ನು ಸ್ವಲ್ಪ ಬಿಳಿ, ಹಾಂ, ಹೊರಗಿನ ಅಂಚಿಗೆ ಹಗುರಾಗಿ, ಸುತ್ತ ಒಂದೇ ಸಮ ಬೇಡ, ಮೇಲೆ ಚೂರು ದಪ್ಪ, ಪಕ್ಕದಲ್ಲಿ ಕರಗಿದಂತೆ, ಮೇಷ್ಟ್ರೇ, ನಿಮ್ಮನ್ನ ಬಿಟ್ಟು ಹೋದ್ಮೇಲೇ ನಾನು ಕಲಿತಿದ್ದು — ಇದೇ ಸರಿಯಾದ ಮಾತು, ಇದೇ, ಇದನ್ನೇ ಹೇಳುತ್ತೇನೆ, ಎಂಟು, ಒಂಬತ್ತು, ಹತ್ತು, ಕೈ ಎಷ್ಟು ಹಗುರ ಇವತ್ತು. ಟೈಮರು ಯಾವಾಗ ಕಿರುಚಿ ಸುಮ್ಮನಾಯಿತೋ ಕೇಳಿಸಲೇ ಇಲ್ಲ, ಗಮನ ಎಂದರೆ ಇದು, ಮಗಳಿಗೆ ಹೇಳಬೇಕು.

ಹನ್ನೊಂದೂ ಮುಕ್ಕಾಲು. ಮುಗಿಯಿತು, ಚಿಪ್ಪಿನ ಬಿಳಿಗೆ ರೇಷ್ಮೆಯ ಎಳೆಗಳನ್ನೂ ಮಲಗಿಸಿಯಾಯಿತು, ಪಾತ್ರೆಗೆ ಇಳಿಸಲು ಇನ್ನೂ ಕಾಲು ಗಂಟೆ ಇದೆ, ಚಿಪ್ಪಿನಲ್ಲಿ ಬಿಲ್ಲೆ ಕೂರಿಸಿ, ಮೇಲೊಂದು ಹನಿ ನೀರು ಬಿಟ್ಟು ಕಿಟಕಿಯ ಬಳಿ ಒಯ್ಯುತ್ತೇನೆ, ನೀರಿನ ಹನಿಯ ಕೆಳಗೆ ಬಣ್ಣ ಆಳಕ್ಕೆ ಇಳಿಯುತ್ತದೆ, ಅಂಗೈಯಲ್ಲಿ ಹೊರಳಿಸುತ್ತೇನೆ, ಅದು ನನ್ನ ಕಡೆ ತಿರುಗುತ್ತದೆ. ಎಂಥ ಕಣ್ಣು. ಇಪ್ಪತ್ತೆರಡು ವರ್ಷದಲ್ಲಿ ಇಂಥದ್ದನ್ನು ಮಾಡಿಲ್ಲ, ಜೀವ ಇದೆ, ಸ್ವಲ್ಪ ಮುನಿಸು ಇದೆ, ಈಗ ಏನೋ ಬೈಯುತ್ತದೆ ಅನ್ನಿಸುವಷ್ಟು — ಬೈಯುತ್ತದೆ ಎಂದು ಯಾಕೆ ಅನ್ನಿಸಬೇಕು, ಟಿಕೆಟ್ ಹುಡುಗಿ ನನ್ನನ್ನು ಯಾಕೆ ಬೈಯುತ್ತಾಳೆ, ಇಪ್ಪತ್ತಾರು ವರ್ಷದ ಹುಡುಗಿ, ಅವಳ ಕಣ್ಣಿನ ಅಂಚಿನಲ್ಲಿ ಈ ಬೂದಿ ಬಣ್ಣದ ಉಂಗುರ ಎಲ್ಲಿಂದ ಬಂತು. ವಯಸ್ಸಾದವರಿಗೆ ಬರುವ ಉಂಗುರ. ಅರವತ್ತು ದಾಟಿದವರಿಗೆ. ಮೇಲೆ ಚೂರು ದಪ್ಪ, ಪಕ್ಕದಲ್ಲಿ ಕರಗಿದಂತೆ. ಹನ್ನೊಂದು ವರ್ಷದಿಂದ ನೋಡಿಲ್ಲ ಆ ಕಣ್ಣನ್ನು, ಒಂದು ಕೂದಲಿನಷ್ಟೂ ತಪ್ಪಿಲ್ಲ, ಮೇಷ್ಟ್ರೇ ನನ್ನ ಅಂಗೈಯಲ್ಲಿ ಕೂತು ನೋಡುತ್ತಿದ್ದಾರೆ. ಮೊದಲು ಬಂದದ್ದು ಹೆಮ್ಮೆ, ಸುಳ್ಳು ಯಾಕೆ ಹೇಳಲಿ, ಎಂಥ ಕೈ ನನ್ನದು ಎಂದೇ ಮೊದಲು ಅಂದುಕೊಂಡೆ, ಆಮೇಲೆ ಕಿಟಕಿಯ ಚೌಕಟ್ಟು ಹಿಡಿದುಕೊಂಡೆ. ಉಂಗುರವನ್ನು ಕಂದು ಬಣ್ಣದಿಂದ ಮುಚ್ಚಿಬಿಟ್ಟರೆ, ಮುಚ್ಚಬಹುದು, ಕಾಲು ಗಂಟೆಯ ಕೆಲಸ, ಹೊತ್ತಿಗೆ ಸರಿಯಾಗಿ ಪಾತ್ರೆಗೆ ಇಳಿಯುತ್ತದೆ, ಐದಕ್ಕೆ ಕೊಟ್ಟುಬಿಡಬಹುದು, ತಡವಾಗದವಳೆಂಬ ಹೆಸರು ಉಳಿಯುತ್ತದೆ, ಆದರೆ ಒಳಗಿನ ಗೆರೆಗಳೂ ಅವರವೇ, ಕಂದು ಕೂಡ ಅವರದೇ ಕಂದು, ಹುಡುಗಿ ನಾಳೆ ಕೌಂಟರಿನ ಕಿಂಡಿಯಲ್ಲಿ ಒಂದು ಕಣ್ಣು ತನ್ನದು ಒಂದು ಕಣ್ಣು ಮೇಷ್ಟ್ರದು ಇಟ್ಟುಕೊಂಡು ಕೂರುತ್ತಾಳೆ, ಕ್ಯೂನಲ್ಲಿ ನಿಂತವರು ಏನೋ ಸರಿಯಿಲ್ಲ ಎಂದು ಒಂದು ಗಳಿಗೆ ಹೆಚ್ಚು ನೋಡುತ್ತಾರೆ, ಆ ಒಂದು ಗಳಿಗೆಯೇ ಅವಳಿಗೆ ಬೇಡವಾಗಿದ್ದದ್ದು. ಪೋಸ್ಟ್‌ಮ್ಯಾನ್‌ನ ಕಣ್ಣು ಗುಂಡಿಯೇ ಆಗಿತ್ತು. ಹೌದು, ಆಗಿತ್ತು, ಮಗಳಿಗೆ ಜ್ವರ ಇದ್ದದ್ದೂ ನಿಜ, ಅದು ಗುಂಡಿಯಾಗಿದ್ದದ್ದೂ ನಿಜ.

ಬಾಗಿಲು ತಟ್ಟುತ್ತಿದ್ದಾರೆ, ರಟ್ಟು ನೋಡಿಯೂ ತಟ್ಟುತ್ತಿದ್ದಾರೆ ಎಂದರೆ — ಅವಳೇ, ಕಪ್ಪು ಕನ್ನಡಕ, ಇಸ್ತ್ರಿ ಮಾಡಿದ ಯೂನಿಫಾರಂ ಹ್ಯಾಂಗರಿನಲ್ಲಿ, ಡ್ರೈ ಕ್ಲೀನರ್ ಹತ್ರ ಬಂದಿದ್ದೆ ಮೇಡಂ, ಐದು ಗಂಟೆಗೆ ಅಂತ ಗೊತ್ತು, ಮನೇಲಿ ಕೂರೋಕಾಗ್ಲಿಲ್ಲ, ಫೋನ್ ಮಾಡ್ದೆ, ನೀವು ಎತ್ತಲಿಲ್ಲ, ಆಗಿದ್ಯಾ ಮೇಡಂ. ಆಗಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿದೆ, ಇಪ್ಪತ್ತೆರಡು ವರ್ಷ ಅದೊಂದೇ ಮಾತು ಹೇಳಿದ ನಾಲಿಗೆ, ಬೇರೆ ಮಾತಿಗೆ ಹೊರಳುತ್ತಲೇ ಇಲ್ಲ, ಬಲಗೈ ಮುಷ್ಟಿ ಕಟ್ಟಿದೆ, ಮುಷ್ಟಿಯೊಳಗೆ ಮೇಷ್ಟ್ರು. ಇಲ್ಲಮ್ಮ, ತಪ್ಪಾಯ್ತು, ಮತ್ತೆ ಬರೀಬೇಕು. ಹೇಳಿಬಿಟ್ಟೆ. ಗೋಡೆ ಬೀಳಲಿಲ್ಲ. ಅವಳ ಮುಖ ಮಾತ್ರ ಸಣ್ಣದಾಯಿತು, ನಾಳೆ ಆರಕ್ಕೆ ಮೇಡಂ, ಎಂದಳು, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಇವತ್ತು ಸಂಜೆ ಏಳಕ್ಕೆ ನಿನ್ ಕಣ್ಣು ನಿಂಗೆ ಸಿಗುತ್ತೆ, ಆದ್ರೆ ನೀನು ಇಲ್ಲೇ ಇರ್ಬೇಕು, ಆ ಕುರ್ಚಿ ಎಳ್ಕೋ, ಹತ್ರ, ಇನ್ನೂ ಹತ್ರ, ಮಂಡಿಗೆ ಮಂಡಿ ತಾಕಬೇಕು, ಕನ್ನಡಕ ತೆಗಿ, ನನ್ನನ್ನೇ ನೋಡು. ಮಂಡಿಗೆ ಮಂಡಿ ತಾಕಬೇಕು — ಇದು ಮೇಷ್ಟ್ರ ಮಾತೆಂದು ನನಗೆ ಗೊತ್ತು, ಗೊತ್ತಿದ್ದೇ ಆಡಿದೆ. ಹೊಸ ಬಿಲ್ಲೆ, ತೊಳೆದ ಕುಂಚ, ಟೈಮರನ್ನು ತಿರುಗಿಸಲಿಲ್ಲ, ಅವಳ ಮುಖ ಕಿಟಕಿಯ ಬೆಳಕಿಗೆ, ಎಡಗಣ್ಣು ತೆರೆದಿದೆ, ಸುಟ್ಟ ಕಾಫಿ ಬೀಜದ ಬಣ್ಣ ಅಂದುಕೊಂಡಿದ್ದೆನಲ್ಲ, ಅಲ್ಲ, ಅದಕ್ಕಿಂತ ತಿಳಿ, ಒಳಗೆ ಕೆಂಪಿನ ನೆರಳು, ಮತ್ತೆ ಅದೇನದು, ವೃತ್ತದ ಕೆಳಗೆ, ಗಡಿಯಾರದಲ್ಲಿ ಐದು ಇರುವ ಜಾಗದಲ್ಲಿ, ಸಾಸಿವೆಗಿಂತ ಎಷ್ಟೋ ಸಣ್ಣದು, ತಾಮ್ರದ ಬಣ್ಣದ ಒಂದು ಚುಕ್ಕೆ. ಹೋದ ವಾರ ಅರ್ಧ ಗಂಟೆ ಇವಳನ್ನು ನೋಡಿದ್ದೆ. ಅರ್ಧ ಗಂಟೆ ನಾನು ಏನನ್ನು ನೋಡಿದೆ. ಏನಾಯ್ತು ಮೇಡಂ. ಮಾತಾಡ್ಬೇಡ, ಅಲುಗಬೇಡ. ನೋಡಿದ್ರಾ ಮೇಷ್ಟ್ರೇ, ನಾನು ಹೇಗೆ ಹುಡುಕಿ — ಶುರುವಾಯಿತು ಒಳಗೆ, ನೋಡಿದ್ರಾ ಮೇಷ್ಟ್ರೇ — ಇಲ್ಲ, ಚುಕ್ಕೆ, ಐದರ ಜಾಗದಲ್ಲಿ, ಬೆಳಕು ಬಿದ್ದಾಗ ಹೊತ್ತಿಕೊಂಡಂತೆ, ನೋಡಿದ್ರಾ — ಚುಕ್ಕೆ, ತಾಮ್ರದ ಚುಕ್ಕೆ, ಅವಳು ರೆಪ್ಪೆ ಬಡಿಯುತ್ತಾಳೆ, ಮತ್ತೆ ತೆರೆಯುತ್ತಾಳೆ, ಅಲ್ಲೇ ಇದೆ, ಚುಕ್ಕೆ.