ರೆಪ್ಪೆ ಬೆಳೆಯುವವರೆಗೆ

“ಕೂದಲೆಲ್ಲಿ?” ಎಂದು ಡಾಕ್ಟರು ವೃಷಭೇಂದ್ರಪ್ಪನವರು ಕೇಳಿದರು.

ಜುಂಜಮ್ಮನ ಮೇಲ್ರೆಪ್ಪೆಯನ್ನು ಅವರು ಬೆರಳಿನಿಂದ ಮಗುಚಿ ಹಿಡಿದಿದ್ದರು. ಇನ್ನೊಂದು ಕೈಯಲ್ಲಿ ಭೂತಗನ್ನಡಿ. ಜುಂಜಮ್ಮ ಉಸಿರು ಬಿಗಿಹಿಡಿದು ಬೆಂಚಿನ ಮೇಲೆ ಕುಳಿತಿದ್ದಳು. ಅವಳ ಪರವಾಗಿ ಉತ್ತರ ಕೊಟ್ಟವಳು ಅವಳ ಓರಗಿತ್ತಿ ಕೆಂಪಕ್ಕ.

“ನಾನೇ ಕಿತ್ತೆ ಬುದ್ಧಿ. ಹೊರಡೋ ದಿನ ಬೆಳಿಗ್ಗೆ ಕುಂತ್ಕಂಡು ಎರಡು ಕಣ್ಣಿಂದೂ ಕಿತ್ತಾಕ್ಬುಟ್ಟೆ. ಒಂದೂ ಬುಟ್ಟಿಲ್ಲ, ಬೇಕಾದ್ರೆ ನೋಡ್ಕಳಿ.”

ನೆಂಟರು ಬರುತ್ತಾರೆಂದು ಅಂಗಳ ಸಾರಿಸಿ ಇಟ್ಟವಳ ಹೆಮ್ಮೆ ಅವಳ ದನಿಯಲ್ಲಿತ್ತು. ದಾರಿಯ ಧೂಳಿನಲ್ಲಿ ಜುಂಜಿ ನರಳಬಾರದು, ದೊಡ್ಡವರ ಮುಂದೆ ಕಣ್ಣು ಚೊಕ್ಕಟವಾಗಿ ಕಾಣಬೇಕು ಎಂದು ಪಾಪ ಅಷ್ಟು ಹೊತ್ತು ಕೂತು ಕಿತ್ತಿದ್ದಳು. ಡಾಕ್ಟರು ಬೈಯುವ ಮನುಷ್ಯರಲ್ಲ. ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟು ನಿಟ್ಟುಸಿರು ಬಿಟ್ಟರು.

“ನೋಡಮ್ಮ, ಯಾವ ಕೂದಲು ಒಳಕ್ಕೆ ತಿರುಗಿದೆ, ಎಲ್ಲಿಂದ ಎಲ್ಲಿವರೆಗೆ ತಿರುಗಿದೆ ಅನ್ನೋದು ಕಂಡರೆ ತಾನೆ ನಾನು ರೆಪ್ಪೆ ಕೊಯ್ದು ಹೊರಕ್ಕೆ ತಿರುಗಿಸಿ ಹೊಲಿಯೋದು? ನೀವು ಪೂರಾ ಬೋಳಿಸಿಕೊಂಡು ಬಂದಿದ್ದೀರಿ. ಬೆಳೆಸಿಕೊಂಡು ಬನ್ನಿ. ಒಂದು ತಿಂಗಳಾದರೂ ಬೇಕು. ಅಲ್ಲಿವರೆಗೆ ಒಂದು ಕೂದಲನ್ನೂ ಮುಟ್ಟಬಾರದು.”

ಕೆಂಪಕ್ಕನ ಮುಖ ಸಪ್ಪಗಾಯಿತು. ಜುಂಜಮ್ಮನಿಗೆ ಆ ಮುಖ ಕಾಣಿಸಲಿಲ್ಲ. ಆದರೆ ಹೆಗಲ ಮೇಲಿದ್ದ ಅವಳ ಕೈ ಸಡಿಲವಾದದ್ದು ತಿಳಿಯಿತು.

ಪಾವಗಡದ ಆಚೆ, ಹೊಸಕೋಟೆ ಹೋಬಳಿಯ ಗೊಲ್ಲರಹಟ್ಟಿ ಅವರದು. ಚಿಕ್ಕಂದಿನಲ್ಲಿ ಕಣ್ಣು ಕೆಂಪಾಗಿ ಪಿಸುರು ಕಟ್ಟುವುದು, ಅದರ ಮೇಲೆ ನೊಣ ಕೂರುವುದು ಆ ಹಟ್ಟಿಯಲ್ಲಿ ಯಾರಿಗೂ ಹೊಸದಲ್ಲ. ತಾಯಿಯ ಸೆರಗಿನ ಅದೇ ಚುಂಗಿನಲ್ಲಿ ಒಂದು ಮಗುವಿನ ಕಣ್ಣು ಒರೆಸಿ ಇನ್ನೊಂದರ ಕಣ್ಣು ಒರೆಸುತ್ತಿದ್ದರು. ಕೆಲವರಿಗೆ ಅದು ಅಲ್ಲಿಗೇ ಹೋಗುತ್ತಿತ್ತು. ಜುಂಜಮ್ಮನಿಗೆ ಹೋಗಲಿಲ್ಲ. ಎರಡು ಮಕ್ಕಳ ತಾಯಾಗುವ ಹೊತ್ತಿಗೆ ರೆಪ್ಪೆ ದಪ್ಪಗಾಗಿ ಮುದುರಿ, ಕೂದಲು ಕಣ್ಣುಗುಡ್ಡೆಯ ಕಡೆಗೆ ತಿರುಗಿಬಿಟ್ಟಿತು. ಕಣ್ಣು ಮುಚ್ಚಿದರೂ ಚುಚ್ಚುತ್ತಿತ್ತು, ತೆರೆದರೂ ಚುಚ್ಚುತ್ತಿತ್ತು.

ಹಟ್ಟಿಯಲ್ಲಿ ಕಾಲಿನ ಮುಳ್ಳು ಕೀಳುವ ಚಿಮಟ ಇಲ್ಲದ ಮನೆಯಿಲ್ಲ. ಕೆಂಪಕ್ಕ ಆ ಚಿಮಟವನ್ನೇ ಕಣ್ಣಿಗೆ ಹಿಡಿದಳು. ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ ಮೈದುನನ ಮನೆಯಲ್ಲೇ ಉಳಿದವಳು. ಬಿಸಿಲು ನೋಡಿ ಕೂತು, ಜುಂಜಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಕೂದಲು ಕೀಳುತ್ತಿದ್ದಳು. ನಾಲ್ಕು ದಿನ ಸ್ವರ್ಗ. ಆಮೇಲೆ ಮೊಳೆಯುವ ಕೂದಲು ಕೊಯ್ದ ಹೊಲದ ಕೂಳೆಯ ಹಾಗೆ, ಮೊದಲಿಗಿಂತ ಮೊನಚು.

ಬರಬರುತ್ತ ಜುಂಜಮ್ಮನಿಗೆ ಒಲೆಯ ಮುಂದೆ ಕೂರಲಾಗದಾಯಿತು. ಬಿಸಿಲಿಗೆ ಹೋಗಲಾಗದಾಯಿತು. ಮದುವೆಮನೆಯಲ್ಲಿ ಸದಾ ಕಣ್ಣೀರು ಸುರಿಸುವವಳು ಮುಂದೆ ನಿಲ್ಲುವುದು ಬೇಡವೆಂದು ಹೆಂಗಸರು ನಯವಾಗಿಯೇ ಹಿಂದಕ್ಕೆ ಕಳಿಸುತ್ತಿದ್ದರು. ಅದನ್ನೂ ತಡೆದುಕೊಂಡಳು. ತಡೆಯಲಾಗದ್ದು ಮರಿ ಬಿಡುವ ಕೆಲಸ ಹೋದದ್ದು. ಸಂಜೆ ಮಂದೆ ಬಂದಾಗ ಗೂಡಿನ ಮರಿಗಳನ್ನು ಒಂದೊಂದಾಗಿ ಅದರದರ ತಾಯಿಗೆ ಬಿಡುವುದರಲ್ಲಿ ಜುಂಜಮ್ಮನ ಮುಂದೆ ಯಾರೂ ಇರಲಿಲ್ಲ. ಮರಿಯ ಮುಖ ನೋಡಿ ತಾಯಿ ಯಾರೆಂದು ಹೇಳುತ್ತಿದ್ದಳು. ಹೋದ ವರ್ಷ ಒಂದು ಮರಿಯನ್ನು ಬೇರೆ ಕುರಿಗೆ ಬಿಡುತ್ತ ಬಂದಳು. ಆ ಕುರಿ ಗುಮ್ಮಿ ಗುಮ್ಮಿ ಓಡಿಸಿತು. ಮರಿ ಹಸಿದು ಸತ್ತಿತು. ಯಾರೂ ಒಂದು ಮಾತು ಅನ್ನಲಿಲ್ಲ. ಮರುದಿನ ಅವಳನ್ನು ಯಾರೂ ಕರೆಯಲೂ ಇಲ್ಲ.

ಮಧುಗಿರಿಗೆ ಕಣ್ಣು ಕೊಯ್ಯುವ ಡಾಕ್ಟರು ಬಂದಿದ್ದಾರೆಂಬ ಸುದ್ದಿ ಬಂದಾಗ ಅದಕ್ಕೇ ಹೊರಟದ್ದು. ಹೊರಗಿನವರ ಕೈಯಲ್ಲಿ ಮುಟ್ಟಿಸಿಕೊಂಡು ಬಂದವಳನ್ನು ಹಟ್ಟಿಯೊಳಗೆ ಬಿಡುವುದು ಹೇಗೆ ಎಂದು ಒಂದಿಬ್ಬರು ಗೊಣಗಿದರು. ಹಿರಿಯ ಯತ್ತಪ್ಪ, “ಬೇಲಿಯಾಚೆ ನೀರು ಉಯ್ಕಂಡು ಒಳೀಕ್ ಬರ್ಲಿ ಬುಡ್ರಲಾ” ಎಂದು ಆ ಮಾತು ಮುಗಿಸಿದ್ದ.

ಈಗ ಡಾಕ್ಟರು ಹೇಳಿದ ಇನ್ನೊಂದು ಮಾತು ಜುಂಜಮ್ಮನ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಎಡಗಣ್ಣಿಗೆ ಆಗಲೇ ಬಿಳಿ ಹೂ ಬಿದ್ದಿದೆ, ಆ ದೃಷ್ಟಿ ತಿರುಗಿ ಬರುವುದಿಲ್ಲ. ಬಲಗಣ್ಣು ಉಳಿದಿದೆ. ಈ ಮಳೆಗಾಲ ದಾಟಿಸಿದರೆ ಅದಕ್ಕೂ ನಾನು ಹೊಣೆಯಲ್ಲ.

ಹುಣಸೆಮರದಡಿ ಎತ್ತುಗಳಿಗೆ ನೀರು ತೋರಿಸುತ್ತಿದ್ದ ಗಂಡ ಮೂಡಲಗಿರಿಯಪ್ಪ ಸುದ್ದಿ ಕೇಳಿ ಹಣೆ ಚಚ್ಚಿಕೊಂಡ. “ಸರಿ, ಹಟ್ಟಿಗೋಗಿ ಬೆಳೆಸ್ಕಂಡು ಬರಾನ ನಡೀರಿ” ಎಂದ.

“ಹಟ್ಟಿಗೋದ್ರೆ ಆಯ್ತು ಕತೆ” ಎಂದಳು ಕೆಂಪಕ್ಕ. “ಮಂದೆ ಮೇವಿಗೆ ಹೊಂಡ್ತದೆ. ಆಮ್ಯಾಕೆ ಗಾಡಿ ಕಟ್ಟೋರ್ಯಾರು? ಇವ್ಳು ಅಳೋದ ನೋಡಿ ನಾನು ಕೀಳ್ದೆ ಇರ್ತೀನಾ? ನಾವಿಲ್ಲೇ ಇರ್ತೀವಿ. ನೀನೋಗು.” ಆಮೇಲೆ ಸೊಂಟದ ದಾರಕ್ಕೆ ಕಟ್ಟಿದ್ದ ಚಿಮಟ ಬಿಚ್ಚಿ ಅವನ ಕೈಗಿಟ್ಟಳು. “ಇದನ್ನೂ ತಗಂಡೋಗು. ನನ್ ಕೈ ನಂಗೇ ನಂಬ್ಕೆಯಿಲ್ಲ.”

ಆಸ್ಪತ್ರೆಯ ಹಿಂದಿನ ಬೀದಿಯ ಕರಿಬಸಮ್ಮ ಎಂಬ ಮುದುಕಿ ತನ್ನ ದನದ ಕೊಟ್ಟಿಗೆಯ ಪಡಸಾಲೆಯನ್ನು ಬಿಟ್ಟುಕೊಟ್ಟಳು. ಕೆಂಪಕ್ಕ ಅವಳ ದನಗಳ ಸಗಣಿ ಬಾಚಿ, ಬೆರಣಿ ತಟ್ಟಿ ಇಬ್ಬರಿಗೂ ಇರುವ ಜಾಗ ಗಳಿಸಿದಳು.

ಮೊದಲ ದಿನಗಳು ಹಗುರವಾಗಿ ಕಳೆದವು. ಆಮೇಲೆ ಕೂದಲು ಮೊಳೆಯಿತು. ಆಸ್ಪತ್ರೆಯ ಹಳದಿ ಮುಲಾಮು ಹಚ್ಚಿದರೆ ತುಸು ಹೊತ್ತು ತಂಪು, ಮತ್ತೆ ಮರಳು ಎರಚಿದಂತೆ ಉರಿ. ಜುಂಜಮ್ಮ ಕಣ್ಣಿಗೆ ಒದ್ದೆ ಬಟ್ಟೆ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಒಂದು ಮಧ್ಯಾಹ್ನ ಎದ್ದು ಕೂತು, ತಡಕಾಡಿ ಕೆಂಪಕ್ಕನ ಕೈ ಹಿಡಿದುಕೊಂಡಳು.

“ಅಕ್ಕಯ್ಯ, ಉಗುರಾಗೆ ಕೀಳು. ಒಂದೇ ಒಂದ. ಈ ಮೂಲೇದು.”

“ಆಗಾಕಿಲ್ಲ ಕಣೆ.”

“ಅವತ್ತು ಕೀಳು ಅಂತ ನಾನ್ ಕೇಳಿದ್ನಾ? ಸುಮ್ಕಿದ್ದಿದ್ರೆ ಇಷ್ಟೊತ್ಗೆ ಹಟ್ಟಿ ಸೇರಿರ್ತಿದ್ದೆ. ನನ್ ಕಣ್ಣು ಹೋದ್ರೆ ಅದು ನಿನ್ ಕೈಯಿಂದ್ಲೇ.”

ಕೆಂಪಕ್ಕ ಕೈ ಬಿಡಿಸಿಕೊಂಡು ಎದ್ದು ಹೋದಳು. ಹೊರಗೆ ಬೆರಣಿ ತಟ್ಟುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು. ಒಂದು ಸಲವೂ ಬೇಸರಿಸದೆ ಇಷ್ಟು ವರ್ಷ ತನ್ನ ಕಣ್ಣು ಕಾದವಳಿಗೆ ಇಂಥ ಮಾತೆ ಎಂದು ಜುಂಜಮ್ಮ ತನ್ನನ್ನೇ ಬೈದುಕೊಂಡಳು. ಅಷ್ಟರಲ್ಲಿ ಕೆಂಪಕ್ಕ ಬಂದು ಪಕ್ಕ ಕೂತು, ಒದ್ದೆ ಬಟ್ಟೆಯನ್ನು ಹಿಂಡಿ ಅವಳ ಕಣ್ಣಿನ ಮೇಲಿಟ್ಟಳು.

“ಬಯ್ಯಿ” ಎಂದಳು. “ಬಯ್ತಾ ಬಯ್ತಾ ಬೆಳೀತವೆ.”

ಜುಂಜಮ್ಮನಿಗೆ ಆ ನೋವಿನಲ್ಲೂ ನಗು ಬಂತು. ನಕ್ಕರೆ ಕಣ್ಣು ಇನ್ನಷ್ಟು ಚುಚ್ಚಿತು.

ಕೊಯ್ಯುವ ದಿನ ಕೆಂಪಕ್ಕನೇ ತಲೆ ಹಿಡಿದುಕೊಳ್ಳಲಿ ಎಂದರು ಡಾಕ್ಟರು. ರೆಪ್ಪೆಗೆ ಸೂಜಿಮದ್ದು ಕೊಟ್ಟ ಮೇಲೆ ನೋವು ತಿಳಿಯಲಿಲ್ಲ. ಎಳೆಯುವುದು, ಕತ್ತರಿಸುವುದು, ದಾರ ಜಗ್ಗುವುದು ಮಾತ್ರ ಬೇರೆ ಯಾರದೋ ಮೈಯಲ್ಲಿ ನಡೆದಂತೆ ತಿಳಿಯುತ್ತಿತ್ತು. ಕೆನ್ನೆಗೆ ಒತ್ತಿದ ಕೆಂಪಕ್ಕನ ಅಂಗೈ ಮಾತ್ರ ಬೆವರಿ ಒದ್ದೆಯಾಗಿತ್ತು.

ಗಾಯ ಮಾಗಿ, ಹೊಲಿಗೆ ತೆಗೆದ ದಿನ ಡಾಕ್ಟರು, “ಈಗ ಮುಚ್ಚಿ ತೆಗೀರಿ” ಎಂದರು.

ಜುಂಜಮ್ಮ ಹೆದರುತ್ತ ಹೆದರುತ್ತ ಮುಚ್ಚಿದಳು. ತೆರೆದಳು. ಏನೂ ಚುಚ್ಚಲಿಲ್ಲ. ನಂಬಿಕೆ ಬರದೆ ಮತ್ತೆ ಮುಚ್ಚಿ ತೆರೆದಳು. ಕಣ್ಣು ಮಿಟುಕಿಸುವುದು ಇಷ್ಟು ಸುಲಭದ ಕೆಲಸ ಎಂಬುದು ಅವಳಿಗೆ ಮರೆತೇಹೋಗಿತ್ತು. ಕಾಲಿಗೆ ಬೀಳಲು ಬಗ್ಗಿದವಳನ್ನು ತಡೆದು ಡಾಕ್ಟರು, “ದಿನಾ ಮುಖ ತೊಳೀಬೇಕು, ಮಕ್ಕಳ ಮುಖಾನೂ ತೊಳೀಬೇಕು. ಒಬ್ಬರ ಬಟ್ಟೆಯಲ್ಲಿ ಇನ್ನೊಬ್ಬರ ಕಣ್ಣು ಒರೆಸಬೇಡಿ” ಎಂದರು. ದೇವರ ಹೆಸರಿಗೂ ಮೊದಲು ಈ ಮನುಷ್ಯನ ಹೆಸರು ಹೇಳಬೇಕು ಎನ್ನಿಸಿತು ಅವಳಿಗೆ.

ಹೇಳಿಕಳಿಸಿದ್ದಕ್ಕೆ ಮಂದೆ ಬಿಟ್ಟು ಬಂದಿದ್ದ ಮೂಡಲಗಿರಿಯಪ್ಪ ಹೊರಗೆ ಗಾಡಿ ಹೂಡಿಕೊಂಡು ಕಾದಿದ್ದ. ಜುಂಜಮ್ಮ ಬಿಸಿಲಿಗೆ ಬಂದು ನಿಂತು ಒಂದೇ ಕಣ್ಣಿನಲ್ಲಿ ಎಲ್ಲವನ್ನೂ ನೋಡಿದಳು. ಹಂಚು, ಎತ್ತಿನ ಕೊಂಬಿನ ಬಣ್ಣ, ಗಂಡನ ಮೀಸೆಯಲ್ಲಿ ಬಂದ ನರೆ. ಕೊನೆಗೆ, ಬುತ್ತಿಗಂಟು ಎತ್ತಿಕೊಳ್ಳುತ್ತಿದ್ದ ಕೆಂಪಕ್ಕನನ್ನು ನೋಡಿದಳು. ಇಷ್ಟು ವರ್ಷ ಉಸಿರು ತಾಗುವಷ್ಟು ಹತ್ತಿರವಿದ್ದ ಮುಖ. ಕೆಂಪಕ್ಕನ ಕಣ್ಣು ಕೆಂಡದಂತಿತ್ತು. ಬಲಗಣ್ಣಿನಲ್ಲಿ ಗುಡ್ಡೆಗೆ ಅಂಟಿಕೊಂಡಂತೆ ಎರಡು ಮೂರು ಕೂದಲು.

“ಇದ್ಯಾವಾಗಿಂದ ಅಕ್ಕಯ್ಯ?”

“ಯಾವ್ದು? ಧೂಳು ಬುಡು.”

“ನನ್ತಾವ ಧೂಳು ಅನ್ಬ್ಯಾಡ.”

ಕೆಂಪಕ್ಕ ಗಂಟನ್ನು ಕೆಳಗಿಟ್ಟಳು. “ಹೋದ್ ವರ್ಷದಿಂದ” ಎಂದಳು.

“ಯಾರ್ ಕೈಲಿ ಕೀಳಿಸ್ಕಂತಿದ್ದೆ?”

“ಯಾರಿದಾರೆ? ನಂದ ನಾನೇ ಕಿತ್ಕಳಾಕಾಯ್ತದಾ? ನಿನ್ನ ಕೇಳಾನ ಅಂದ್ರೆ ನಿಂಗೇ ಕಾಣ್ತಿರ್ಲಿಲ್ಲ.”

ಇವಳ ಕಾಲು ತೊಳೆದ ನೀರು ಕುಡಿದರೂ ಸಾಲದು ಅನ್ನಿಸಿತು ಜುಂಜಮ್ಮನಿಗೆ. ಅವಳ ರಟ್ಟೆ ಹಿಡಿದು, ಬೇಡ ಬೇಡವೆಂದರೂ ಕೇಳದೆ, ತಿರುಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದಳು. ಡಾಕ್ಟರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಕೆಂಪಕ್ಕನ ಕೂದಲನ್ನು ಯಾರೂ ಕಿತ್ತಿರಲಿಲ್ಲ. ಎಲ್ಲವೂ ಸಾಲಾಗಿ, ಸ್ಪಷ್ಟವಾಗಿ ಇದ್ದವು.

“ನಾಳೆಯೇ ಕೊಯ್ಯಬಹುದು” ಎಂದರು.

ಮೂಡಲಗಿರಿಯಪ್ಪ, “ನಿಮ್ಮಿಬ್ರ ಕಣ್ಣಿಂದ ನನ್ನೆತ್ತಿನ ಗೊರಸು ಸವ್ದೋದ್ವು” ಎಂದು ಗೊಣಗುತ್ತಲೇ ಗಾಡಿ ತಿರುಗಿಸಿಕೊಂಡು ಹೋದ. ಹೋಗುವ ಮುಂಚೆ ತಂದಿದ್ದ ರಾಗಿಹಿಟ್ಟಿನ ಚೀಲವನ್ನು ಪಡಸಾಲೆಯಲ್ಲಿ ಇಳಿಸಿದ.

ಸಂಜೆ ಕೆಂಪಕ್ಕ ಎಂದಿನಂತೆ ಒಲೆಯ ಕಡೆಗೆ ಹೊರಟಳು. ಜುಂಜಮ್ಮ ಅವಳನ್ನು ಗಾಳಿ ಬರುವ ಬಾಗಿಲಲ್ಲಿ ಕೂರಿಸಿ, ತಾನು ಮೂರು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಎಸರಿಟ್ಟು, ಬೆರಣಿ ಮುರಿದು ತುಂಬಿ ಬಗ್ಗಿ ಊದಿದಳು.

“ಹೊಗೆ ಕಣೆ, ಆಚೀಕ್ ಬಾ” ಎಂದಳು ಕೆಂಪಕ್ಕ.

“ನೀ ಅಲ್ಲೇ ಕುಂತ್ಕ.”

ಹೊಗೆ ದಟ್ಟವಾಗಿ ಎದ್ದು ಜುಂಜಮ್ಮನ ಮುಖಕ್ಕೆ ಬಡಿಯಿತು. ಕಣ್ಣಲ್ಲಿ ನೀರು ಬಂತು, ಒಲೆಯ ಮುಂದೆ ಕೂತ ಎಲ್ಲರಿಗೂ ಬರುವಷ್ಟೇ. ಅವಳು ಅದನ್ನು ತೋಳಿನಲ್ಲಿ ಒರೆಸಿಕೊಂಡು, ಕುದಿಯುವ ಎಸರಿಗೆ ಹಿಟ್ಟು ಸುರಿದಳು.